ಒಂದೇ ಗುಂಡು, ಇನ್ನೂರು ಗಜ: ಅಮೆರಿಕದ ಒಂದು ಆಟ ಅನುಮಾನಕ್ಕೆ ಬಲಿಯಾದ ಕತೆ

ಅಮೆರಿಕ, ಬಂದೂಕು ಎಂಬ ಎರಡು ಪದ ಒಟ್ಟಿಗೆ ಬಂದರೆ ನಮಗೆ ಕಾಣೋದು ಶಾಲೆಯ ಮುಂದೆ ನಿಂತ ಪೊಲೀಸ್ ವಾಹನಗಳು, ಅಳುತ್ತಿರುವ ತಂದೆ-ತಾಯಿ, ಮರುದಿನ ಸಂತಾಪ ಸೂಚಿಸುವ ರಾಜಕಾರಣಿ. ಅದು ಸುಳ್ಳಲ್ಲ. ಆದರೆ ಅದೇ ದೇಶದಲ್ಲಿ ನೂರಿಪ್ಪತ್ತು-ನೂರಮೂವತ್ತು ವರ್ಷ ಹಳೆಯ, ಒಂದು ಸಲಕ್ಕೆ ಒಂದೇ ಗುಂಡು ಹಾರಿಸುವ ರೈಫಲ್‌ಗಳನ್ನು ಹುಡುಕಿ, ಒರೆಸಿ, ವಾರಾಂತ್ಯದಲ್ಲಿ ಕಾಗದದ ಗುರಿಗೆ ಹೊಡೆಯುವ ಒಂದು ಪುಟ್ಟ ಲೋಕ ಇದೆ. ಇವರಲ್ಲಿ ಬಹುತೇಕರು ವಯಸ್ಸಾದವರು. ಇವರ ಸಂಘ, ಅಮೆರಿಕನ್ ಸಿಂಗಲ್ ಶಾಟ್ ರೈಫಲ್ ಅಸೋಸಿಯೇಷನ್, ಶುರುವಾಗಿದ್ದು 1948ರಲ್ಲಿ. ಅಂದ್ರೆ ಆಟ ಹೆಚ್ಚುಕಡಿಮೆ ಸತ್ತ ಮೇಲೆ.

ಸತ್ತಿದ್ದು ಯಾಕೆ ಅನ್ನೋದು ಬಂದೂಕಿನ ಕತೆಗಿಂತ ದೊಡ್ಡದು. ಅದರಲ್ಲಿ ವಲಸೆ ಇದೆ, ಭಾಷೆ ಇದೆ, ಯುದ್ಧ ಇದೆ. ಮೊದಲು ವಸ್ತುವನ್ನು ನೋಡೋಣ.

ಈ ರೈಫಲ್‌ನಲ್ಲಿ ಮ್ಯಾಗಜಿನ್ ಇಲ್ಲ. ಕುದುರೆಯ ಕೆಳಗಿನ ಸನ್ನೆಯನ್ನು ಕೆಳಕ್ಕೆ ಎಳೆದರೆ ನಳಿಗೆಯ ಹಿಂಬದಿಯನ್ನು ಮುಚ್ಚಿದ್ದ ಉಕ್ಕಿನ ದಿಮ್ಮಿ ಜಾರಿ ಕೆಳಗಿಳಿಯುತ್ತೆ. ತೋಟಾ ಇಟ್ಟು ಸನ್ನೆ ಮೇಲೆತ್ತಿದರೆ ಮತ್ತೆ ಮುಚ್ಚಿಕೊಳ್ಳುತ್ತೆ. ಜಾನ್ ಬ್ರೌನಿಂಗ್ ಎಂಬ ಯೂಟಾದ ಹುಡುಗ 1879ರಲ್ಲಿ ಪೇಟೆಂಟ್ ಪಡೆದ ಇಂಥದ್ದೊಂದು ವಿನ್ಯಾಸವನ್ನು ವಿಂಚೆಸ್ಟರ್ ಕಂಪನಿ ಕೊಂಡು, 1885ರಿಂದ 1920ರವರೆಗೆ ಸುಮಾರು 1.4 ಲಕ್ಷ ರೈಫಲ್ ಮಾಡಿ ಮಾರಿತು. ಬ್ಯಾಲಾರ್ಡ್, ಸ್ಟೀವನ್ಸ್ ಕೂಡ ಇದೇ ಕಾಲದ ಹೆಸರುಗಳು.

ಗುರಿ ಹೊಡೆಯೋಕೆ ಅಂತಲೇ ಮಾಡಿದವನ್ನು ನೋಡಿದರೆ ಆಯುಧ ಅನ್ನಿಸೋದಿಲ್ಲ, ಯಾವುದೋ ವಿಚಿತ್ರ ವಾದ್ಯದ ಹಾಗೆ ಕಾಣುತ್ತೆ. ಬೆನ್ನ ತುದಿಯಲ್ಲಿ ತೋಳನ್ನು ಅಪ್ಪಿಕೊಳ್ಳುವ ಎರಡು ಕೊಂಬು, ಎಡಗೈ ಅಂಗೈ ಊರಲು ಕೆಳಗೆ ಇಳಿಬಿದ್ದ ಗುಂಡನೆಯ ಹಿಡಿ, ಕೆನ್ನೆಗೆ ಒತ್ತಿಕೊಳ್ಳಲು ಮರದ ಉಬ್ಬು. ಕುದುರೆಗಳು ಎರಡು: ಒಂದನ್ನು ಎಳೆದು ಸಿದ್ಧ ಮಾಡಿದರೆ ಇನ್ನೊಂದು ಬೆರಳು ತಾಗಿದರೆ ಸಾಕು, ಹಾರುತ್ತೆ. ತೂಕ ಐದಾರು ಕೆಜಿ. ಇದನ್ನು ಎತ್ತಿ, ಎಲ್ಲೂ ಒರಗದೆ ನಿಂತು, ಇನ್ನೂರು ಗಜ ದೂರದ (ಸುಮಾರು 183 ಮೀಟರ್) ಗುರಿಗೆ ಹೊಡೆಯಬೇಕು. ಗುರಿಯಲ್ಲಿ 25 ಅಂಕದ ನಡುವಣ ವೃತ್ತ ಒಂದೂವರೆ ಇಂಚು ಅಗಲ ಅಷ್ಟೇ. ಅಷ್ಟು ದೂರದಿಂದ ಅದು ಬರಿಗಣ್ಣಿಗೆ ಕಾಣೋದೇ ಇಲ್ಲ.

ಈ ಲೋಕದ ದೊಡ್ಡ ಹೆಸರು ಹ್ಯಾರಿ ಪೋಪ್ (1861–1950). ಈತ ಬಂದೂಕು ಕಂಪನಿಯ ಒಡೆಯನಲ್ಲ, ನಳಿಗೆ ಕೊರೆಯುವ ಕುಶಲಕರ್ಮಿ. ಒಳಗಿನ ಎಂಟು ಗೀರುಗಳನ್ನು ಒಂದೊಂದಾಗಿ ಕೈಯಲ್ಲೇ ಕೊರೆಯುತ್ತಿದ್ದ. ಗುಂಡನ್ನು ಹಿಂದಿನಿಂದ ಅಲ್ಲ, ಮುಂದಿನ ಬಾಯಿಂದ ತಳ್ಳಬೇಕು ಅನ್ನೋದು ಅವನ ಪಟ್ಟು. ಅದಕ್ಕಾಗಿ ನಳಿಗೆಯ ತುದಿಯಿಂದಲೇ ಒಂದು ತುಂಡು ಕತ್ತರಿಸಿ, ಅದನ್ನು ಮೂತಿಗೆ ಕೂರಿಸುವ ಮುಚ್ಚಳದಂತೆ ಬಳಸುತ್ತಿದ್ದ. ಸೀಸ-ತವರದ ಮೆತ್ತನೆಯ ಗುಂಡು ಆ ತುಂಡಿನ ಮೂಲಕ ನೆಟ್ಟಗೆ ಇಳಿಯುತ್ತೆ, ಬುಡ ಹರಿಯೋದಿಲ್ಲ. ಆಮೇಲೆ ಹಿಂದಿನಿಂದ ಮದ್ದು ತುಂಬಿದ ತೋಟಾ. ಒಂದೇ ಹಿತ್ತಾಳೆ ಕವಚಕ್ಕೆ ದಿನವಿಡೀ ಮತ್ತೆ ಮತ್ತೆ ಮದ್ದು ತುಂಬಿ ಹೊಡೆಯುತ್ತಿದ್ದರು. ಗಡಿಬಿಡಿಯ ಜನಕ್ಕೆ ಆಗೋ ಆಟ ಅಲ್ಲ ಇದು. ಪೋಪ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ತೆರೆದ ಹೊಸತರಲ್ಲೇ 1906ರ ಏಪ್ರಿಲ್ ಭೂಕಂಪ ಬಂದು ಎಲ್ಲವೂ ಹೋಯ್ತು. ವಾಪಸ್ ಪೂರ್ವಕ್ಕೆ ಬಂದು ಜೆರ್ಸಿ ಸಿಟಿಯಲ್ಲಿ ಒಂದು ಕಟ್ಟಡದ ಮೇಲ್ಮಹಡಿಯಲ್ಲಿ ಕೂತು ದಶಕಗಳ ಕಾಲ ಕೊರೆದ. ಅವನ ಹೆಸರಿರುವ ನಳಿಗೆಗೆ ಇವತ್ತು ಸಂಗ್ರಾಹಕರು ಸಾವಿರಾರು ಡಾಲರ್ ಸುರಿಯುತ್ತಾರೆ.

ಈಗ ಜನಕ್ಕೆ ಬರೋಣ. ಈ ಆಟಕ್ಕೆ ಶುಟ್ಸೆನ್ ಅಂತ ಹೆಸರು. ಪದ ಜರ್ಮನ್. 1848ರ ಕ್ರಾಂತಿ ಸೋತ ಮೇಲೆ ಜರ್ಮನ್ ನಾಡುಗಳಿಂದ ಅಮೆರಿಕಕ್ಕೆ ಬಂದವರಲ್ಲಿ ಪ್ರಜಾಪ್ರಭುತ್ವವಾದಿಗಳು, ಪತ್ರಕರ್ತರು, ಸಮಾಜವಾದಿಗಳು ಬಹಳ ಜನ. ಗುಲಾಮಗಿರಿಯ ವಿರುದ್ಧ ಉತ್ತರದ ಪರ ಹೋರಾಡಿದವರೂ ಇವರಲ್ಲಿ ಹೆಚ್ಚು (ಎಲ್ಲರೂ ಅಲ್ಲ, ಚಾರ್ಲ್ಸ್‌ಟನ್‌ನ ಜರ್ಮನ್ನರು ದಕ್ಷಿಣದ ಪರ ನಿಂತರು). ಊರಿಂದ ತಂದ ಹಾಡಿನ ಸಂಘ, ವ್ಯಾಯಾಮದ ಸಂಘಗಳ ಜೊತೆಗೇ ಗುರಿ ಹೊಡೆಯುವ ಸಂಘವನ್ನೂ ಕಟ್ಟಿದರು. ನ್ಯೂಜೆರ್ಸಿ, ಅಯೋವಾ, ಕ್ಯಾಲಿಫೋರ್ನಿಯಾ, ಎಲ್ಲಿ ಜರ್ಮನ್ನರೂ ಸ್ವಿಸ್ಸರೂ ನೆಲೆಸಿದರೋ ಅಲ್ಲೆಲ್ಲ ಶುಟ್ಸೆನ್ ಪಾರ್ಕ್. ಅಲ್ಲಿ ಗುರಿ ಹೊಡೆಯೋದು ಒಂದು ಮೂಲೆಯಲ್ಲಿ. ಉಳಿದದ್ದೆಲ್ಲ ವಾದ್ಯಮೇಳ, ಕುಣಿತ, ಮಕ್ಕಳ ಆಟ, ಬಿಯರ್. ಗೆದ್ದವನು ಆ ವರ್ಷಕ್ಕೆ ರಾಜ. 1895ರಲ್ಲಿ ನ್ಯೂಯಾರ್ಕ್‌ನ ಗ್ಲೆಂಡೇಲ್ ಪಾರ್ಕಿನಲ್ಲಿ ರಾಷ್ಟ್ರಮಟ್ಟದ ಹಬ್ಬವೇ ನಡೀತು. ಹೆಂಗಸರಿಗೆ ಹಬ್ಬದಲ್ಲಿ ಜಾಗ ಇತ್ತು, ಸಂಘದಲ್ಲಿ ಇರಲಿಲ್ಲ.

ಇದಕ್ಕೆ ಸಮಾನಾಂತರವಾಗಿ ಇಂಗ್ಲಿಷ್ ಮಾತಾಡುವ ಮೇಲ್ವರ್ಗದ ಇನ್ನೊಂದು ಆಟವೂ ಬೆಳೀತು. 1871ರಲ್ಲಿ ಅಂತರ್ಯುದ್ಧದ ಉತ್ತರ ಪಕ್ಷದ ಕೆಲವರು, ನಮ್ಮ ಸೈನಿಕರಿಗೆ ಗುರಿಯೇ ಬರ್ತಿರಲಿಲ್ಲ ಅಂತ ಬೇಸತ್ತು ನ್ಯಾಷನಲ್ ರೈಫಲ್ ಅಸೋಸಿಯೇಷನ್ ಕಟ್ಟಿದರು. ಹೌದು, ಅದೇ ಎನ್‌ಆರ್‌ಎ. ನ್ಯೂಯಾರ್ಕ್ ರಾಜ್ಯದ ದುಡ್ಡಿನ ನೆರವಿಂದ ಕ್ರೀಡ್‌ಮೂರ್ ಎಂಬಲ್ಲಿ ಮೈದಾನ ಎದ್ದಿತು. 1874ರ ಸೆಪ್ಟೆಂಬರ್ 26ರಂದು ಅಲ್ಲಿ ಐರ್ಲೆಂಡ್ ತಂಡದ ಎದುರು ಪಂದ್ಯ, ಸಾವಿರ ಗಜದವರೆಗೆ. ಐರಿಷರ ಕೈಲಿ ಬಾಯಿಂದ ಮದ್ದು ತುಂಬುವ ರಿಗ್ಬಿ, ಅಮೆರಿಕನ್ನರ ಕೈಲಿ ಹಿಂದಿನಿಂದ ತುಂಬುವ ರೆಮಿಂಗ್ಟನ್ ಮತ್ತು ಶಾರ್ಪ್ಸ್. ಅಮೆರಿಕ 934, ಐರ್ಲೆಂಡ್ 931. ಐರಿಷರಲ್ಲೊಬ್ಬ ಗುರಿಯ ನಟ್ಟನಡುವಿಗೆ ಹೊಡೆದಿದ್ದ, ಆದರೆ ಪಕ್ಕದವರ ಗುರಿಗೆ! ಅಂಕ ಸೊನ್ನೆ.

ಇಷ್ಟು ಓದಿ, ಎಷ್ಟು ಚೆಂದದ ಕಾಲ ಅನ್ನಿಸಿದರೆ ಸ್ವಲ್ಪ ನಿಲ್ಲಿ. ಅದೇ ಕಾಲದಲ್ಲಿ 'ರೈಫಲ್ ಕ್ಲಬ್' ಅನ್ನೋ ಪದಕ್ಕೆ ಇನ್ನೊಂದು ಅರ್ಥವೂ ಇತ್ತು. 1865ರಲ್ಲೇ ಮಿಸಿಸಿಪ್ಪಿ ರಾಜ್ಯ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪುಜನ ಅನುಮತಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂದು ಕಾನೂನು ಮಾಡಿತು. ದಕ್ಷಿಣ ಕೆರೊಲಿನಾದಲ್ಲಿ ಬಿಳಿಯರು ರೈಫಲ್ ಕ್ಲಬ್ ಹೆಸರಲ್ಲಿ ಖಾಸಗಿ ಪಡೆಗಳನ್ನೇ ಕಟ್ಟಿ, ಮತ ಹಾಕಲು ಹೊರಟ ಕಪ್ಪುಜನರನ್ನು ಬೆದರಿಸಿದರು. 1876ರ ಜುಲೈಯಲ್ಲಿ ಹ್ಯಾಂಬರ್ಗ್ ಎಂಬ ಊರಲ್ಲಿ ಕಪ್ಪುಜನರ ಅಧಿಕೃತ ಮಿಲಿಶಿಯಾ ಮೇಲೆ ಬಿದ್ದು, ಸೆರೆ ಸಿಕ್ಕವರನ್ನೂ ಬಿಡದೆ ಕೊಂದರು. ಅಕ್ಟೋಬರ್‌ನಲ್ಲಿ ಅಧ್ಯಕ್ಷ ಗ್ರಾಂಟ್ ಈ ಕ್ಲಬ್‌ಗಳನ್ನು ವಿಸರ್ಜಿಸಿ ಎಂದು ಘೋಷಣೆ ಹೊರಡಿಸಬೇಕಾಯ್ತು. ಕ್ಲಬ್‌ನವರು ಏನು ಮಾಡಿದರು ಗೊತ್ತಾ? ಕೆಲವರು ಹೆಸರು ಬದಲಾಯಿಸಿಕೊಂಡರು: ಸಂಗೀತ ಸಂಘ, ಬೇಸ್‌ಬಾಲ್ ಸಂಘ. 'ಇದು ಬರೀ ಹವ್ಯಾಸ ಸ್ವಾಮಿ' ಅನ್ನೋ ಮಾತಿಗೆ ಇರುವ ಇತಿಹಾಸ ಇದು.

ಇನ್ನು ಶುಟ್ಸೆನ್ ಸತ್ತ ಬಗೆ. ಜರ್ಮನ್ ದ್ವೇಷವೊಂದೇ ಕಾರಣ ಅಂತ ಹೇಳಿಬಿಟ್ಟರೆ ಲೇಖನ ಖಡಕ್ ಆಗುತ್ತೆ, ಆದರೆ ಅದು ಅರ್ಧ ಸತ್ಯ. 1903ರ ಹೊತ್ತಿಗೇ ಅಮೆರಿಕ ಸರ್ಕಾರ ಸೇನಾ ರೈಫಲ್‌ಗಳಲ್ಲಿ ನಾಗರಿಕರನ್ನು ಪಳಗಿಸಲು ಪ್ರತ್ಯೇಕ ಮಂಡಳಿ ಮಾಡಿತ್ತು. ಹೊಸ ತಲೆಮಾರು ಅತ್ತ ವಾಲಿತ್ತು. ಅಗ್ಗದ .22 ರೈಫಲ್ ಬಂದಿತ್ತು. ಆಟ ಬಡವಾಗುತ್ತಿತ್ತು, ಆದರೆ ಬದುಕಿತ್ತು.

1915ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಟೀವನ್ಸ್ ಕಾರ್ಖಾನೆಯನ್ನು ನ್ಯೂ ಇಂಗ್ಲೆಂಡ್ ವೆಸ್ಟಿಂಗ್‌ಹೌಸ್ ಎಂಬ ಕಂಪನಿ ಕೊಂಡಿತು. ಅಲ್ಲಿ ತಯಾರಾಗಬೇಕಿದ್ದದ್ದು ರಷ್ಯಾದ ಜಾರ್ ಸೈನ್ಯಕ್ಕೆ ಮೋಸಿನ್-ನಾಗಾಂತ್ ರೈಫಲ್‌. ಶುಟ್ಸೆನ್ ರೈಫಲ್ ಮಾಡುತ್ತಿದ್ದ ಜಾಗದಲ್ಲೇ ಜರ್ಮನ್ನರನ್ನು ಕೊಲ್ಲುವ ಬಂದೂಕು. 1917ರಲ್ಲಿ ಜಾರ್ ಬಿದ್ದ, ಆಮೇಲೆ ಬಂದ ಬೊಲ್ಶೆವಿಕ್ ಸರ್ಕಾರ ಹಳೆಯ ಸಾಲ ತೀರಿಸುವ ಗೋಜಿಗೆ ಹೋಗಲಿಲ್ಲ, 1920ರಲ್ಲಿ ಕಾರ್ಖಾನೆ ಸ್ಯಾವೇಜ್ ಕಂಪನಿಯ ಪಾಲಾಯ್ತು. ಶುಟ್ಸೆನ್ ರೈಫಲ್ ಮತ್ತೆ ಮೊದಲಿನಂತೆ ಹೊರಬರಲಿಲ್ಲ.

1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿದ ಮೇಲೆ ಜರ್ಮನ್ ಹೆಸರಿದ್ದರೆ ಸಾಕು, ಅನುಮಾನ. 1918ರ ಏಪ್ರಿಲ್‌ನಲ್ಲಿ ಇಲಿನಾಯ್‌ನ ಕಾಲಿನ್ಸ್‌ವಿಲ್‌ನಲ್ಲಿ ರಾಬರ್ಟ್ ಪ್ರಾಗರ್ ಎಂಬ ಜರ್ಮನ್ ವಲಸೆ ಕಾರ್ಮಿಕನನ್ನು ಗುಂಪು ನೇಣಿಗೆ ಹಾಕಿತು. ವಿಚಾರಣೆಗೆ ನಿಂತವರೆಲ್ಲ ಖುಲಾಸೆ. ಮೇ ತಿಂಗಳಲ್ಲಿ ಅಯೋವಾದ ಗವರ್ನರ್ ಹಾರ್ಡಿಂಗ್, ಸಾರ್ವಜನಿಕ ಸ್ಥಳದಲ್ಲಿ, ರೈಲಿನಲ್ಲಿ, ಫೋನಿನಲ್ಲಿ ಕೂಡ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು ಎಂದು ಫರ್ಮಾನು ಹೊರಡಿಸಿದ. 'ಈ ನಾಡಲ್ಲಿ ಇದ್ದಮೇಲೆ ಈ ಭಾಷೆ' ಅನ್ನುವ ವಾದ ನಮಗೆ ಅಪರಿಚಿತವೇನಲ್ಲ. ಆದರೆ ಅಜ್ಜಿ ಜೊತೆ ಫೋನಲ್ಲಿ ಮಾತಾಡಿದ್ದಕ್ಕೆ ದಂಡ ಬೀಳುವಲ್ಲಿಗೆ ಅದು ಮುಟ್ಟಿತ್ತು. ಅಯೋವಾದ ಡೇವನ್‌ಪೋರ್ಟ್ ಊರಿನ ಶುಟ್ಸೆನ್ ಪಾರ್ಕಿನ ಹೆಸರೇ ಫಾರೆಸ್ಟ್ ಪಾರ್ಕ್ ಆಯ್ತು. ಯೋಚಿಸಿ: ಜರ್ಮನ್ ಮಾತಾಡುವ, ಕೈಲಿ ರೈಫಲ್ ಹಿಡಿದ ಗಂಡಸರು ಪ್ರತಿ ಭಾನುವಾರ ಒಂದೆಡೆ ಸೇರುತ್ತಾರೆ. ಆ ವರ್ಷ ಯಾವ ಊರು ಅದನ್ನು ಹಬ್ಬ ಅಂತ ನೋಡೀತು? 1920ರಲ್ಲಿ ಪಾನನಿಷೇಧ ಬಂದು ಬಿಯರೂ ಹೋಯ್ತು. ಹಬ್ಬ ಅಲ್ಲಿಗೆ ಮುಗೀತು. ಪರಭಾಷೆ ಕಲಿಸುವುದನ್ನು ನಿಷೇಧಿಸಿದ್ದ ನೆಬ್ರಾಸ್ಕಾದ ಕಾನೂನನ್ನು ಸುಪ್ರೀಂ ಕೋರ್ಟ್ 1923ರಲ್ಲಿ ರದ್ದು ಮಾಡಿತು. ಆದರೆ ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳ ಜೊತೆ ಜರ್ಮನ್ ಆಡೋದೇ ನಿಂತಿತ್ತು.

ಅನಾಥವಾದ ರೈಫಲ್‌ಗಳು ಅಟ್ಟ ಸೇರಿದವು, ಗಿರವಿ ಅಂಗಡಿ ಸೇರಿದವು. ಸಂಗ್ರಾಹಕರು ಬಂದಿದ್ದು ಆಮೇಲೆ. ಇವರ ಕೆಲಸ ಒಂದು ಬಗೆಯ ಸಂಶೋಧನೆಯೇ. ಕ್ರಮಸಂಖ್ಯೆ ನೋಡಿ ವರ್ಷ ಪತ್ತೆ ಹಚ್ಚೋದು, ವಯೋಮಿಂಗ್‌ನ ಕೋಡಿ ಪಟ್ಟಣದ ವಸ್ತುಸಂಗ್ರಹಾಲಯದಿಂದ ವಿಂಚೆಸ್ಟರ್ ದಾಖಲೆ ತರಿಸೋದು, ನಳಿಗೆ ಮೂಲದ್ದೋ ಆಮೇಲೆ ಹಾಕಿದ್ದೋ ನೋಡೋದು. ಹೊಸದಾಗಿ ಬಣ್ಣ ಹಾಕಿ ಹೊಳಪು ಬರಿಸಿದರೆ ಬೆಲೆ ಬಿದ್ದೇ ಹೋಯ್ತು. ಕಂದುಗಟ್ಟಿದ ಉಕ್ಕಿಗೇ ಗೌರವ. ಹೊಡೆಯುವವರಿಗೆ ಇನ್ನೊಂದು ಎಚ್ಚರ: ಕರಿಮದ್ದಿನ ಕಾಲದ ಉಕ್ಕಿಗೆ ಇವತ್ತಿನ ಹೊಗೆರಹಿತ ಮದ್ದನ್ನು ಲೆಕ್ಕವಿಲ್ಲದೆ ತುಂಬಿದರೆ ಒತ್ತಡಕ್ಕೆ ಬಂದೂಕೇ ಸಿಡಿಯಬಹುದು. ಗುಂಡು ಎರಕ ಹೊಯ್ಯುವಾಗ ಸೀಸದ ವಿಷದ ಭಯವೂ ಇದೆ.

ರಾಜಕೀಯ ಇಲ್ಲಿಗೂ ಬರುತ್ತೆ, ಒಂದು ಇಸವಿಯ ರೂಪದಲ್ಲಿ. 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಕೊಲೆಯಾದ ವರ್ಷ, ಅಮೆರಿಕ ಬಂದೂಕು ನಿಯಂತ್ರಣ ಕಾಯ್ದೆ ತಂದಿತು. ಅದರ ಪ್ರಕಾರ 1898ರಲ್ಲಿ ಅಥವಾ ಅದಕ್ಕೆ ಮೊದಲು ತಯಾರಾದ ಬಂದೂಕು 'ಪುರಾತನ'. ಕೇಂದ್ರ ಕಾನೂನಿನ ಮಟ್ಟಿಗೆ ಅದರ ಮಾರಾಟಕ್ಕೆ ಹಿನ್ನೆಲೆ ತಪಾಸಣೆ ಬೇಕಿಲ್ಲ. ರಾಜ್ಯಗಳ ನಿಯಮ ಬೇರೆ ಬೇರೆ. ಹಾಗಾಗಿ ಒಂದೇ ಮಾದರಿಯ ಎರಡು ವಿಂಚೆಸ್ಟರ್‌ಗಳಲ್ಲಿ 1897ರದ್ದು ಪುರಾತನ ವಸ್ತು, 1903ರದ್ದು ಬಂದೂಕು. ಎರಡರ ಗುಂಡೂ ಒಂದೇ ಥರ ತಾಗುತ್ತೆ. ಇಂಥ ನಿಧಾನದ ರೈಫಲ್ ಹಿಡಿದು ಯಾರೂ ಸಾಮೂಹಿಕ ಹತ್ಯೆ ಮಾಡೋದಿಲ್ಲ ಅನ್ನೋ ವಾದದಲ್ಲಿ ಹುರುಳಿದೆ, ನಾನು ಒಪ್ಪುತ್ತೇನೆ. ಒಪ್ಪದಿರೋದು ಏನಂದ್ರೆ, ಈ ಮುದಿ ರೈಫಲ್‌ಗಳ ಮರೆಯಲ್ಲಿ ನಿಂತು ಎಆರ್-15ಗೂ 'ಪರಂಪರೆ'ಯ ಹೆಸರಲ್ಲಿ ರಕ್ಷಣೆ ಕೇಳೋದನ್ನು. ಗುರಿಗಾರರ ಸಂಘವಾಗಿದ್ದ ಎನ್‌ಆರ್‌ಎ 1977ರ ಸಿನ್ಸಿನಾಟಿ ಸಭೆಯಲ್ಲಿ ಕಟ್ಟಾ ಬಂದೂಕುವಾದಿಗಳ ಕೈಸೇರಿದ ಮೇಲೆ ಮಾಡುತ್ತಾ ಬಂದಿದ್ದು ಅದನ್ನೇ.

ನಮ್ಮಲ್ಲಿ? ಭಾರತದ 1959ರ ಆಯುಧ ಕಾಯ್ದೆ ಇಸವಿ ನೋಡೋದಿಲ್ಲ. ರಿಪೇರಿ ಮಾಡಿದರೂ ಹಾರದ ಸ್ಥಿತಿಯಲ್ಲಿದ್ದರೆ ಮಾತ್ರ ಹಳೆಯ ಬಂದೂಕಿಗೆ ವಿನಾಯಿತಿ. ಹಾರುವಂತಿದ್ದರೆ ಮುತ್ತಜ್ಜನ ಕಾಲದ್ದಾದರೂ ಪರವಾನಗಿ ಬೇಕು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ದೊಡ್ಡ ಅಪವಾದ ನಮ್ಮ ಕೊಡಗು. ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಊಟ. ಶುಟ್ಸೆನ್ ಹಬ್ಬ ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿ ಸಿಗೋದು ಕೊಡವರಿಗೆ ಮತ್ತು ಜಮ್ಮಾ ಭೂಮಿ ಹೊಂದಿದವರಿಗೆ. ಜನಾಂಗ ಮತ್ತು ಭೂಮಿಯ ಆಧಾರದ ಮೇಲೆ ಹೀಗೆ ಕೊಡಬಹುದೇ ಎಂದು ಸೇನೆಯ ನಿವೃತ್ತ ಕ್ಯಾಪ್ಟನ್ ಒಬ್ಬರು ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಅದೇ ಕಾಡಂಚಿನಲ್ಲಿ ಬದುಕುವ, ಜಮ್ಮಾ ಭೂಮಿ ಇಲ್ಲದ ಯರವ, ಕುರುಬರ ಕೈಯ ಕೋವಿಯನ್ನು ಯಾರಾದರೂ 'ಸಂಸ್ಕೃತಿ' ಅಂತ ಕರೆಯುತ್ತಾರಾ ಅನ್ನುವ ಪ್ರಶ್ನೆ ಹಾಗೇ ಉಳಿದಿದೆ. ಕೇಂದ್ರ ಸರ್ಕಾರ ಈಗ ಕೊಟ್ಟಿರುವ ವಿನಾಯಿತಿಯ ಅವಧಿ ಮುಗಿಯೋದು 2029ರ ಅಕ್ಟೋಬರ್ 31ಕ್ಕೆ.