ಬೊಮ್ಮಾಯಿಯವರ ಅರ್ಜಿಯಿಂದ ಹತ್ತು ವಿಧೇಯಕಗಳವರೆಗೆ

ರಾಜ್ಯ ಸರ್ಕಾರವೊಂದಕ್ಕೆ ಬಹುಮತವಿದೆಯೇ ಇಲ್ಲವೇ ಎಂಬುದು ರಾಜಭವನದಲ್ಲಿ ತೀರ್ಮಾನವಾಗಬೇಕೋ ಸದನದಲ್ಲೋ? ಈ ಪ್ರಶ್ನೆಗೆ ದೇಶದ ನ್ಯಾಯಾಲಯಗಳು ಇಂದಿಗೂ ಉದ್ಧರಿಸುವ ಉತ್ತರವು ಕನ್ನಡಿಗರೊಬ್ಬರ ಹೆಸರನ್ನು ಹೊತ್ತಿದೆ. ಕೊಯಮತ್ತೂರಿನ ನ್ಯಾಯಾಲಯದಲ್ಲಿ ತಮಿಳಿನಲ್ಲಿ ವಾದಿಸಿ ಮನೆಗೆ ಬಂದು ಕನ್ನಡವಾಡುವ ನಮ್ಮಂಥವರಿಗೆ ಅದು ಸಣ್ಣ ಹೆಮ್ಮೆಯಲ್ಲ.

1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರ ಜನತಾದಳ ಸರ್ಕಾರಕ್ಕೆ ಬೆಂಬಲವಿಲ್ಲವೆಂಬ 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು. ಅದರ ಬೆನ್ನಲ್ಲೇ ಅವರಲ್ಲಿ 7 ಮಂದಿ, ತಮ್ಮ ಸಹಿಯನ್ನು ಸುಳ್ಳು ಹೇಳಿ ಪಡೆಯಲಾಗಿದೆಯೆಂದು ಬರೆದುಕೊಟ್ಟರು. ಸ್ವತಃ ವಕೀಲರಾಗಿದ್ದ ಬೊಮ್ಮಾಯಿಯವರು, ಅಧಿವೇಶನವನ್ನು ಹಿಂದಕ್ಕೆ ತಂದು ಸದನದಲ್ಲೇ ಬಹುಮತ ತೋರಿಸಲು ಸಿದ್ಧವೆಂದರು. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ರಂದು ಸಂವಿಧಾನದ 356ನೆಯ ವಿಧಿಯನ್ವಯ ರಾಷ್ಟ್ರಪತಿ ಆಳ್ವಿಕೆ ಜಾರಿಯಾಯಿತು.

ಬೊಮ್ಮಾಯಿಯವರು ನ್ಯಾಯಾಲಯದ ಮೆಟ್ಟಿಲೇರಿದರು. ಕರ್ನಾಟಕ ಉಚ್ಚ ನ್ಯಾಯಾಲಯವು ಅರ್ಜಿಯನ್ನು ವಜಾಗೊಳಿಸಿತು. ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ತೀರ್ಪಿತ್ತದ್ದು 1994ರ ಮಾರ್ಚ್ 11ರಂದು. ರಾಷ್ಟ್ರಪತಿಗಳ ಘೋಷಣೆಯೂ ನ್ಯಾಯಿಕ ಪರಿಶೀಲನೆಗೆ ಒಳಪಟ್ಟದ್ದು. ಬಹುಮತದ ಪರೀಕ್ಷೆ ಸದನದಲ್ಲೇ ನಡೆಯತಕ್ಕದ್ದು. ಕರ್ನಾಟಕದ ಘೋಷಣೆ ಸಂವಿಧಾನಬಾಹಿರ. ಅಷ್ಟರಲ್ಲಿ ಚುನಾವಣೆ ನಡೆದು ಬೇರೆ ಸರ್ಕಾರ ಬಂದು ವರ್ಷಗಳೇ ಕಳೆದಿದ್ದವು. ಅರ್ಜಿದಾರರಿಗೆ ಕುರ್ಚಿ ಮರಳಲಿಲ್ಲ. ಫಲ ದೊರೆತದ್ದು ಅವರ ನಂತರದ ಮುಖ್ಯಮಂತ್ರಿಗಳಿಗೆ.

ಆ ತೀರ್ಪಿನ ಬೆಲೆ ತಮಿಳುನಾಡಿಗೆ ಚೆನ್ನಾಗಿ ಗೊತ್ತು. 1976ರಲ್ಲಿ ಕರುಣಾನಿಧಿಯವರ ಸರ್ಕಾರ ವಜಾ ಆಯಿತು. 1991ರ ಜನವರಿಯಲ್ಲಿ ಮತ್ತೊಮ್ಮೆ ವಜಾ ಆದಾಗಲಂತೂ ರಾಜ್ಯಪಾಲ ಸುರ್ಜಿತ್ ಸಿಂಗ್ ಬರ್ನಾಲಾ ಅವರು ಅದಕ್ಕೆ ಬೇಕಾದ ವರದಿಯನ್ನೇ ಕೊಡಲಿಲ್ಲ. ಆದರೂ ವಿಧಿಯಲ್ಲಿನ ‘ಅಥವಾ ಅನ್ಯಥಾ’ ಎಂಬ ಮಾತೇ ಕೇಂದ್ರಕ್ಕೆ ಸಾಕಾಯಿತು!

ವಜಾ ಮಾಡುವ ದಾರಿ ಕಿರಿದಾದ ಮೇಲೆ ಸಹಿ ಹಾಕದಿರುವ ದಾರಿಯೊಂದು ಅಗಲವಾಯಿತೆಂದು ನನ್ನ ಅಭಿಪ್ರಾಯ. 2023ರ ನವೆಂಬರ್ 13ರಂದು ರಾಜ್ಯಪಾಲ ಆರ್.ಎನ್. ರವಿಯವರು ತಮಿಳುನಾಡಿನ ಹತ್ತು ವಿಧೇಯಕಗಳಿಗೆ ಅಂಕಿತವನ್ನು ತಡೆಹಿಡಿದರು. ಬಹುತೇಕ ಅವೆಲ್ಲ ವಿಶ್ವವಿದ್ಯಾಲಯಗಳಿಗೆ ಸಂಬಂಧಿಸಿದವು. ನಮ್ಮ ಊರಿನ ಕೃಷಿ ವಿಶ್ವವಿದ್ಯಾಲಯದ್ದೂ ಅವುಗಳಲ್ಲೊಂದು. ನವೆಂಬರ್ 18ರಂದು ವಿಧಾನಸಭೆ ಅವನ್ನು ಮತ್ತೆ ಅಂಗೀಕರಿಸಿತು. 200ನೆಯ ವಿಧಿಯಂತೆ ಮರಳಿ ಬಂದ ವಿಧೇಯಕಕ್ಕೆ ರಾಜ್ಯಪಾಲರು ಅಂಕಿತವನ್ನು ತಡೆಯುವಂತಿಲ್ಲ. ಅವರು ಹತ್ತನ್ನೂ ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದರು.

ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರ ಸರ್ಕಾರವು ಅದಾಗಲೇ ದೆಹಲಿಯಲ್ಲಿ ಅರ್ಜಿ ಹೂಡಿತ್ತು. 2025ರ ಏಪ್ರಿಲ್ 8ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹಾದೇವನ್ ಅವರು ಆ ಕ್ರಮವನ್ನು ಅಸಿಂಧುಗೊಳಿಸಿ, 142ನೆಯ ವಿಧಿಯಡಿ ಹತ್ತೂ ವಿಧೇಯಕಗಳಿಗೆ ಅಂಕಿತ ದೊರೆತಂತೆಯೇ ಎಂದು ಸಾರಿದರು; ಕಾಲಮಿತಿಯನ್ನೂ ವಿಧಿಸಿದರು. ರಾಜ್ಯಪಾಲರ ಸಹಿಯಿಲ್ಲದ ಕಾಯಿದೆಗಳು ರಾಜ್ಯಪತ್ರದಲ್ಲಿ ಅಚ್ಚಾದವು.

ಬಳಿಕ ರಾಷ್ಟ್ರಪತಿಗಳು ನ್ಯಾಯಾಲಯದ ಅಭಿಪ್ರಾಯ ಕೇಳಿದರು. ನವೆಂಬರ್ 20ರಂದು ಐವರು ನ್ಯಾಯಮೂರ್ತಿಗಳ ಪೀಠವು, ನ್ಯಾಯಾಲಯ ಕಾಲಮಿತಿ ಹಾಕಲಾಗದು, ಅಂಕಿತ ದೊರೆತಂತೆ ಭಾವಿಸುವುದೂ ಸಲ್ಲದು ಎಂದಿತು. ಇದು ರಾಜ್ಯಗಳಿಗೆ ಹಿನ್ನಡೆಯೇ ಸರಿ. ಆದರೆ ವಿಧೇಯಕವನ್ನು ಹಿಂದಿರುಗಿಸದೆ ಸುಮ್ಮನೆ ತಡೆಹಿಡಿಯುವ ಅಧಿಕಾರ ರಾಜ್ಯಪಾಲರಿಗಿಲ್ಲವೆಂದೂ, ಕಾರಣವಿಲ್ಲದೆ ದೀರ್ಘಕಾಲ ಸುಮ್ಮನಿದ್ದರೆ ನಿರ್ಧರಿಸಿರೆಂದು ನ್ಯಾಯಾಲಯ ನಿರ್ದೇಶಿಸಬಹುದೆಂದೂ ಅದೇ ಪೀಠ ಹೇಳಿದೆ. ಎಷ್ಟು ತಿಂಗಳ ಮೌನವು ‘ದೀರ್ಘ’ವೆನಿಸುವುದೆಂಬುದನ್ನು ಮುಂದೆ ಅರ್ಜಿ ಹೂಡುವ ರಾಜ್ಯವೇ ವಾದಿಸಿ ಸ್ಥಾಪಿಸಬೇಕಾಗಿದೆ.