ಕೆಂಪು ಗಾಡಿಗೂ ವಯಸ್ಸಾಗುತ್ತೆ

ಸರಸ್ವತಿಪುರಂ ಕಡೆ ಹೋದಾಗ ಅಗ್ನಿಶಾಮಕ ಠಾಣೆ ನೋಡಿದ್ದೀರಲ್ಲವೇ? ಅಲ್ಲಿ ಕೆಂಪು ಗಾಡಿಗಳು ನಿಂತಿರುತ್ತವೆ. ನಾವು ಅದನ್ನು ಫೈರ್ ಇಂಜಿನ್ ಅನ್ನುತ್ತೇವೆ. ದಸರಾ ಸಮಯದಲ್ಲೂ ಜನ ಸೇರುವ ಕಡೆ ಈ ಗಾಡಿ ಕಾಣುತ್ತೆ.

ಮೊನ್ನೆ ಅಗ್ರಹಾರದ ನಮ್ಮ ಸಂಜೆ ತರಗತಿಯಲ್ಲಿ ಇದರ ಮಾತು ಬಂತು. ಹಳೇ ಫೈರ್ ಇಂಜಿನ್‌ಗಳನ್ನು ಗುಜರಿಗೆ ಹಾಕುತ್ತಾರೆ ಎಂದು ನಾನು ಹೇಳಿದೆ. ಒಬ್ಬ ಅಕ್ಕ ಕೇಳಿದರು:

"ಅಲ್ಲ ಮೇಡಂ, ಆ ಗಾಡಿ ಬಸ್ಸಿನ ಹಂಗೆ ದಿನಾ ಓಡಲ್ಲ. ನಿಂತೇ ಇರುತ್ತೆ. ಅದು ಹೆಂಗೆ ಸವೆಯುತ್ತೆ?"

ಒಳ್ಳೆಯ ಪ್ರಶ್ನೆ.

ಈ ಗಾಡಿಯ ಇಂಜಿನ್‌ಗೆ ಎರಡು ಕೆಲಸ. ಗಾಡಿಯನ್ನು ಓಡಿಸಬೇಕು. ಬೆಂಕಿ ಬಿದ್ದ ಜಾಗಕ್ಕೆ ಹೋದ ಮೇಲೆ ನೀರಿನ ಪಂಪನ್ನೂ ತಿರುಗಿಸಬೇಕು. ಆಗ ಗಾಡಿ ನಿಂತಿರುತ್ತೆ, ಇಂಜಿನ್ ಮಾತ್ರ ಗಂಟೆಗಟ್ಟಲೆ ಜೋರಾಗಿ ಓಡುತ್ತಿರುತ್ತೆ. ಈ ದುಡಿಮೆ ಕಿಲೋಮೀಟರ್ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಮತ್ತೆ ಟ್ಯಾಂಕಿನ ಮಾತು. ಸಾಮಾನ್ಯವಾಗಿ ದೊಡ್ಡ ಗಾಡಿಯಲ್ಲಿ 4,500 ಲೀಟರ್ ನೀರು ಹಿಡಿಯುತ್ತೆ. 15 ಲೀಟರಿನ ಕೊಡವಾದರೆ 300 ಕೊಡ! ಈ ಟ್ಯಾಂಕನ್ನು ಯಾವಾಗಲೂ ತುಂಬಿಯೇ ಇಡಬೇಕು. ಮನೆಯ ಕಬ್ಬಿಣದ ಡ್ರಮ್ಮಿನಲ್ಲಿ ವರ್ಷಗಟ್ಟಲೆ ನೀರು ನಿಂತರೆ ಏನಾಗುತ್ತೆ? ತುಕ್ಕು ಹಿಡಿಯುತ್ತೆ, ತಳ ತೂತು ಬೀಳುತ್ತೆ. ನೀರಿನ ಪೈಪು ಮಡಿಸಿಟ್ಟ ಕಡೆ ಸೀಳುತ್ತೆ. ರಬ್ಬರ್ ಬಿರುಕು ಬಿಡುತ್ತೆ.

ಹಾಗಾದರೆ ರಿಪೇರಿ ಮಾಡಬಾರದೇ? ಮಾಡಬೇಕು. ಕುಕ್ಕರಿನ ಗ್ಯಾಸ್ಕೆಟ್ ಹೋದರೆ ಕುಕ್ಕರ್ ಬಿಸಾಡುತ್ತೀವಾ? ಇಲ್ಲ. ಹೊಸ ಗ್ಯಾಸ್ಕೆಟ್ ಹಾಕುತ್ತೇವೆ. ಹಾಗೆಯೇ ಪಂಪು ಬಿಚ್ಚಿ ಸರಿಮಾಡಬಹುದು. ಟ್ಯಾಂಕಿಗೆ ಬೆಸುಗೆ ಹಾಕಬಹುದು. ಟೈರು, ಬ್ಯಾಟರಿ ಬದಲಿಸಬಹುದು. ಆದರೆ ಕುಕ್ಕರಿನ ತಳವೇ ತೆಳ್ಳಗಾದರೆ? ಅದನ್ನು ಒಲೆ ಮೇಲೆ ಇಡಲು ಕೈ ನಡುಗುತ್ತೆ. ಗಾಡಿಯದೂ ಅದೇ ಕತೆ. ಬೆಂಕಿ ಮುಂದೆ ಪಂಪು ನಿಂತರೆ ಮನೆಯೂ ಹೋಯಿತು, ಪೈಪು ಹಿಡಿದವರ ಜೀವಕ್ಕೂ ಅಪಾಯ.

2023ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರದ ಹೊಸ ನಿಯಮ ಜಾರಿಗೆ ಬಂತು. ಸರ್ಕಾರಿ ಗಾಡಿಗೆ 15 ವರ್ಷ ತುಂಬಿದರೆ ಅದರ ನೋಂದಣಿ ಮುಗಿಯಿತು. ಆಮೇಲೆ ರಸ್ತೆಗೆ ಇಳಿಸುವ ಹಾಗಿಲ್ಲ. ಫೈರ್ ಇಂಜಿನ್ ಕೂಡ ಇದರೊಳಗೆ ಬಂತು.

ನಿಯಮ ಸರಿಯೇ. ಆದರೆ ಹಳೇದು ಹೋದ ದಿನವೇ ಹೊಸದು ಬರಬೇಕಲ್ಲ? ಇದು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಸಾಮಾನಲ್ಲ. ಲಾರಿ ಕಂಪನಿ ಇಂಜಿನ್, ಚಕ್ರ, ಚಾಸಿ ಕೊಡುತ್ತೆ. ಅದರ ಮೇಲೆ ಟ್ಯಾಂಕು, ಪಂಪು, ಏಣಿ, ಪೈಪಿಡುವ ಪೆಟ್ಟಿಗೆ ಎಲ್ಲ ಕೂರಿಸಬೇಕು. ಪರೀಕ್ಷೆ ಮಾಡಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ. ಅದಕ್ಕೇ 13, 14ನೇ ವರ್ಷದಲ್ಲೇ ಹೊಸ ಗಾಡಿಗೆ ಹಣ ತೆಗೆದಿಡಬೇಕು ಅಂತ ನನಗನಿಸುತ್ತೆ. ಇಲ್ಲದಿದ್ದರೆ ದೂರದ ಠಾಣೆಯಿಂದ ಗಾಡಿ ಬರಬೇಕು. ಬೆಂಕಿ ಅಲ್ಲಿಯವರೆಗೆ ಕಾಯುತ್ತದೆಯೇ?

ದೇಶದ ಎಲ್ಲ ರಾಜ್ಯಗಳ ಅಗ್ನಿಶಾಮಕ ಸೇವೆ ಬಲಪಡಿಸಲು ಕೇಂದ್ರ ಸರ್ಕಾರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ತಂದಿತು. ಅದು ನಾವು ಕಟ್ಟುವ ತೆರಿಗೆಯ ಹಣವೇ. ಸೋಪು ಕೊಂಡಾಗಲೂ ನಾವು ತೆರಿಗೆ ಕಟ್ಟುತ್ತೇವೆ.

ಯಾವ ಗಾಡಿ ಕೊಳ್ಳಬೇಕು ಅನ್ನುವುದೂ ಮುಖ್ಯ. ಬೆಂಗಳೂರಿನ ಎತ್ತರದ ಕಟ್ಟಡಗಳಿಗಾಗಿ 90 ಮೀಟರ್ ಏರುವ ಏಣಿಯ ಗಾಡಿ ತಂದಿದ್ದಾರೆ. ನಮ್ಮ ಅಗ್ರಹಾರಕ್ಕೆ ಅದು ಏನು ಮಾಡೀತು? ಇಲ್ಲಿ ಹಳೇ ಮನೆಗಳಿವೆ. ಮರದ ತೊಲೆ, ಹೆಂಚಿನ ಸೂರು, ಸಣ್ಣ ಗಲ್ಲಿ. ಎರಡು ಸ್ಕೂಟರ್ ನಿಂತರೆ ದೊಡ್ಡ ಗಾಡಿ ಒಳಗೆ ಬರದು. ನಮಗೆ ಸಣ್ಣ ಗಾಡಿ, ಉದ್ದದ ಪೈಪು ಬೇಕು. ಮರ ಎಷ್ಟು ಬೇಗ ಉರಿಯುತ್ತೆ ಅಂತ ಮೈಸೂರಿನವರಿಗೆ ಗೊತ್ತು. 1897ರಲ್ಲಿ ರಾಜಕುಮಾರಿಯ ಮದುವೆ ಸಮಯದಲ್ಲಿ ಮರದ ಅರಮನೆ ಸುಟ್ಟುಹೋಯಿತು. ಈಗಿನ ಅರಮನೆ ಕಟ್ಟಿ ಮುಗಿದದ್ದು 1912ರಲ್ಲಿ.

ಪ್ರಶ್ನೆ ಕೇಳಿದ ಆ ಅಕ್ಕ ಕೊನೆಗೆ ಇನ್ನೊಂದು ಕೇಳಿದರು: "ಫೋನ್ ಮಾಡಿದರೆ ಏನು ಹೇಳಬೇಕು?"

112 ಅಥವಾ 101 ಒತ್ತಿ. ಬೀದಿ ಹೆಸರು, ಅಡ್ಡರಸ್ತೆ, ಹತ್ತಿರದ ಗುಡಿ ಅಥವಾ ಅಂಗಡಿ ಹೇಳಿ. ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರಾ ಹೇಳಿ. ಗಲ್ಲಿ ಚಿಕ್ಕದಾದರೆ ಅದನ್ನೂ ಹೇಳಿ. ಒಬ್ಬರು ದೊಡ್ಡ ರಸ್ತೆಯಲ್ಲಿ ನಿಂತು ದಾರಿ ತೋರಿಸಲಿ.

ಆ ಅಕ್ಕ ತಮ್ಮ ಬೀದಿಯ ಬೋರ್ಡು ಓದಿ, ವಿಳಾಸವನ್ನು ಚೀಟಿಯಲ್ಲಿ ಬರೆದು, ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದಾರೆ.