ಇಂಗ್ಲಿಷಿನ ಸಂಬಂಧಾರ್ಥಕಾವ್ಯಯಗಳು

ಸಂಸ್ಕೃತದಲ್ಲಿ ‘ಯದ್ಯಪಿ’ ಎಂದರೆ ಬೆನ್ನಿಗೇ ‘ತಥಾಪಿ’ ಬರುವುದು ವಾಡಿಕೆ. ಆ ಅಭ್ಯಾಸಬಲದಿಂದ ನಾವು ಇಂಗ್ಲಿಷಿನಲ್ಲಿಯೂ ‘ಆಲ್‌ದೋ ಇಟ್ ರೇನ್ಡ್, ಬಟ್ ಹೀ ವೆಂಟ್’ ಎಂದು ಹುಡುಗರಿಂದ ಬಹುಕಾಲ ಬರೆಯಿಸಿದೆವು. ತಪ್ಪು ನಮ್ಮದು, ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡವರು ಅವರು.

‘ಆಲ್‌ದೋ’ ತಾನು ಸೇರಿದ ವಾಕ್ಯವನ್ನು ಮತ್ತೊಂದಕ್ಕೆ ಅಧೀನವಾಗಿಸುತ್ತದೆ; ‘ಬಟ್’ ಎಂಬುದೋ ಸಮಾನವಾದ ಎರಡನ್ನು ಜೋಡಿಸತಕ್ಕದ್ದು. ಆದುದರಿಂದ ಒಂದಿದ್ದೆಡೆ ಇನ್ನೊಂದು ಸಲ್ಲದು. ‘ಬಿಕಾಸ್’, ‘ಸೋ’ಗಳಿಗೂ ಇದೇ ನಿಯಮ. (‘ಆಲ್‌ದೋ’ವಿನೊಡನೆ ‘ಯೆಟ್’ ಬರುವುದುಂಟು, ಹಳೆಯ ಗ್ರಂಥಕರ್ತರಲ್ಲಿ ಅದು ಹೇರಳ.)

ಇದಕ್ಕಾಗಿ ಇಂಗ್ಲಿಷ್ ವ್ಯಾಕರಣವನ್ನೇ ತೆರೆಯಬೇಕಾಗಿರಲಿಲ್ಲ. ‘ಮಳೆ ಬಂದರೂ ಹೋದನು’ ಎಂಬಲ್ಲಿ ಕನ್ನಡಕ್ಕೆ ‘ಊ’ ಒಂದೇ ಸಾಕು. ನಡುವೆ ‘ಆದರೆ’ ಎಂದು ಯಾವ ಮಗುವೂ ಸೇರಿಸದು. ಮನೆಮಾತಿನ ಈ ಸಾಕ್ಷ್ಯವು ನಮ್ಮ ಕಣ್ಣಿಗೆ ಬಿದ್ದುದು ವಿಶ್ರಾಂತಿವೇತನ ಬರತೊಡಗಿದ ಮೇಲೆ.